ಕೊಸರು ಕೇಳಿದ ದುಭಾಷಿ

ನಮ್ಮ ಚಿಂತಾಮಣಿಯ ಮಂಡಿ ಬೀದಿಯಲ್ಲಿ ಕೂತವರು ಹುಣಸೆಹಣ್ಣಿನಿಂದ ಹಿಡಿದು ಚಿನ್ನದವರೆಗೆ ಎಲ್ಲವನ್ನೂ ಮಾರಿದ್ದಾರೆ. ಮಾರಬಾರದ್ದನ್ನು ಮಾರಿ ಕೋಲಾರದ ಕೋರ್ಟು ನೋಡಿ ಬಂದವರೂ ಒಬ್ಬಿಬ್ಬರು ಇದ್ದಾರೆ. ಆದರೆ ಜಲಾಂತರ್ಗಾಮಿಯ ವ್ಯಾಪಾರದಲ್ಲಿ ಕೂತು ಮಾತಾಡಿ ಬಂದವಳು ಒಬ್ಬಳೇ, ನನ್ನ ಅಕ್ಕನ ಮಗಳು ತನುಜ. ಇದನ್ನು ನಾನು ಹೇಳಿದಾಗಲೆಲ್ಲ ಎದುರು ಮಂಡಿಯ ಗಂಗುಲಪ್ಪ, "ಹೂಂ ಕಣಪ್ಪ, ನಿಮ್ಮ ಹುಡುಗಿ ಸಮುದ್ರಾನೇ ಮಾರ್ಕೊಂಡು ಬಂದ್ಲು" ಎನ್ನುತ್ತಾನೆ. ಅವನ ತಂಗಿಯ ಮಗ ಚಿಕ್ಕಬಳ್ಳಾಪುರದಲ್ಲಿ ಟಿ.ವಿ. ಮಾರುತ್ತಾನೆ. ಹೊಟ್ಟೆಯುರಿ ಸಹಜ.

ನಮ್ಮ ಅಕ್ಕ ಆದಿಲಕ್ಷ್ಮಮ್ಮ ಸಂತೆಯಲ್ಲಿ ಹುಣಸೆಹಣ್ಣು, ಒಣಮೆಣಸಿನಕಾಯಿ ಮಾರುತ್ತಿದ್ದಳು. ಭಾವ ಗಂಗರಾಜು ಗೌರಿಬಿದನೂರಿನ ಬಟ್ಟೆ ಗಿರಣಿಯಲ್ಲಿದ್ದರು. ಅವರ ಬಾಯಿಂದ ಒಂದು ಮಾತು ಹೊರಡಿಸಬೇಕಾದರೆ ಎರಡು ಸಲ ಕಾಫಿ ಕೊಡಬೇಕಿತ್ತು. ಹಾಗಾಗಿ ಹುಡುಗಿಯ ನಾಲಿಗೆ ನಮ್ಮ ಕಡೆಯದೇ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ. ಶಾಲೆ ಬಿಟ್ಟ ಮೇಲೆ ಅವಳು ನನ್ನ ಮಂಡಿಗೆ ಬಂದು ಮೂಟೆಗಳ ಮೇಲೆ ಕೂರುತ್ತಿದ್ದಳು. ಗಡಿಯಾಚೆಯ ಪುಂಗನೂರು, ಮದನಪಲ್ಲಿ ಕಡೆಯ ರೈತರು ತೆಲುಗಿನಲ್ಲಿ ಮಾತಾಡುವರು. ತುಮಕೂರು, ದಾವಣಗೆರೆ ಕಡೆಯ ಖರೀದಿದಾರರಿಗೆ ಕನ್ನಡ ಬಿಟ್ಟು ಬೇರೇನೂ ಬಾರದು. ನಡುವೆ ಇವಳು.

ಒಂದು ಸಲ ತುಮಕೂರಿನವನೊಬ್ಬ ಹಣ್ಣು ಹಿಸುಕಿ ನೋಡಿ, "ಇದೇನು ಹುಣಸೆಹಣ್ಣಾ, ಹಸೂಗೆ ಹಾಕೋ ಹಿಂಡಿನಾ?" ಎಂದ. ರೈತ ಅವನ ಮುಖ ನೋಡಿಯೇ ಅರ್ಥ ಮಾಡಿಕೊಂಡು, "ಈಯನ ಮೊಖಾನಿಕಿ ಇದೇ ಎಕ್ಕುವ" ಎಂದ. ಅವನ ಮೂತಿಗೆ ಇದೇ ಹೆಚ್ಚಾಯಿತು ಎಂದು. ತನುಜ ರೈತನ ಕಡೆ ತಿರುಗಿ ತೆಲುಗಿನಲ್ಲಿ, ಹಣ್ಣು ಸ್ವಲ್ಪ ಕಪ್ಪಾಯಿತೇನೋ ಅಂತ ಯಜಮಾನರು ಕೇಳ್ತಾರೆ ಎಂದಳು. ಖರೀದಿದಾರನ ಕಡೆ ತಿರುಗಿ, "ಇದಕ್ಕಿಂತ ಒಳ್ಳೇದು ಈ ಸಲ ಬಂದಿಲ್ಲ ಅಂತಾರೆ ಸಾರ್" ಎಂದಳು. ಅರ್ಧ ಗಂಟೆಯಲ್ಲಿ ವ್ಯಾಪಾರ ಕುದುರಿತು. ಇಬ್ಬರೂ ಒಂದೇ ಬೀಡಿ ಕಟ್ಟಿನಿಂದ ಬೀಡಿ ಸೇದುತ್ತ ಹೋದರು.

"ಸುಳ್ಳು ಹೇಳಿದ್ಯಲ್ಲೇ" ಎಂದೆ.

"ಸುಳ್ಳೇನಿಲ್ಲ ಮಾವ. ಖಾರ ಕಮ್ಮಿ ಮಾಡ್ದೆ ಅಷ್ಟೆ."

ಬಿ.ಎ. ಮುಗಿದ ಮೇಲೆ ಹೈದರಾಬಾದಿಗೆ ಹೋಗಿ ರಷ್ಯನ್ ಭಾಷೆ ಓದುತ್ತೇನೆ ಎಂದಳು. ನಾನೇ ಮೊದಲು ಕೇಳಿದೆ: "ರಷ್ಯಾದೋರು ಹುಣಸೆಹಣ್ಣು ತಿಂತಾರೇನಮ್ಮ?"

"ಗೊತ್ತಿಲ್ಲ. ಊರಲ್ಲಿ ಯಾರ ಹತ್ರಾನೂ ಇಲ್ಲದ ಸರಕು ಇಟ್ಕೊಂಡ್ರೆ ಗಿರಾಕಿ ಹುಡುಕ್ಕೊಂಡು ಬರ್ತಾನೆ ಅಂತ ನೀನೇ ಅಲ್ವಾ ಮಾವ ಹೇಳೋದು?"

ನಾನು ಹಾಗೆ ಹೇಳುವುದು ನಿಜ. ಹೇಳಿದ್ದನ್ನು ಯಾರಾದರೂ ಕೇಳಿಸಿಕೊಳ್ಳುತ್ತಾರೆ ಎಂದುಕೊಂಡಿರಲಿಲ್ಲ.

ಗಿರಾಕಿ ಬಂತು. ವಿಶಾಖಪಟ್ಟಣದಲ್ಲಿ ನೌಕಾಪಡೆಯ ಒಂದು ಕಚೇರಿಗೆ ರಷ್ಯನ್ ದುಭಾಷಿ ಬೇಕಾಗಿತ್ತು. ಕೆಲಸ ಕೊಡುವ ಮೊದಲು ಪೊಲೀಸರ ವಿಚಾರಣೆ. ಪೇದೆಯೊಬ್ಬರು ಬೀದಿಗೆ ಬಂದು ಗಂಗುಲಪ್ಪನನ್ನೇ ಕೇಳಬೇಕೆ, ಹುಡುಗಿ ಎಂಥವಳು ಎಂದು! "ಬಾಯಿ ಜೋರು ಸ್ವಾಮಿ. ಬೇರೆ ಏನೂ ತೊಂದ್ರೆ ಇಲ್ಲ" ಎಂದ. ಪೇದೆ ಎರಡನೆಯ ಭಾಗ ಮಾತ್ರ ಬರೆದುಕೊಂಡು ಹೋದರು. ಆ ಪುಣ್ಯಾತ್ಮರನ್ನು ನಾನು ಇಂದಿಗೂ ನೆನೆಯುತ್ತೇನೆ.

ಈ ಜಲಾಂತರ್ಗಾಮಿ ವ್ಯಾಪಾರ ಹೇಗೆ ನಡೆಯುತ್ತದೆಂದು ನಾನು ಪೇಪರು ಓದಿ, ಅವಳು ಹೇಳಬಹುದಾದಷ್ಟನ್ನು ಕೇಳಿ ತಿಳಿದುಕೊಂಡಿದ್ದೇನೆ. ತೀರ ನಮ್ಮ ಬೀದಿಯ ಹಾಗೆಯೇ. ಮಾರುವವರು ನಾಲ್ಕಾರು ಮಂದಿ: ರಷ್ಯಾ, ಜರ್ಮನಿ, ಫ್ರಾನ್ಸ್, ಇಂಥವರು. ಫ್ರಾನ್ಸಿನ ಅಂಗಡಿಯವನು ಪಾಕಿಸ್ತಾನಕ್ಕೂ ಮಾರುತ್ತಾನೆ, ನಮಗೂ ಮಾರುತ್ತಾನೆ. ಎರಡೂ ಮನೆಯ ಜಗಳದಲ್ಲಿ ಅವನಿಗೆ ಯಾವ ಪಕ್ಷವೂ ಇಲ್ಲ. ಡೀಸೆಲ್ಲಿನಿಂದ ಓಡುವ ಜಲಾಂತರ್ಗಾಮಿಯನ್ನು ಕೇಳಿದರೆ ಮಾರುತ್ತಾರೆ. ಅಣುಶಕ್ತಿಯದನ್ನು ಯಾರೂ ಮಾರುವುದಿಲ್ಲ, ಬಹಳ ಬೇಕಾದವರಿಗೆ ಬಾಡಿಗೆಗೆ ಕೊಡುತ್ತಾರೆ. ರಷ್ಯಾದವರು ನಮಗೆ ಹಿಂದೊಮ್ಮೆ ಹಾಗೆ ಕೊಟ್ಟು, ಅವಧಿ ಮುಗಿದಾಗ ವಾಪಸ್ಸು ಒಯ್ದಿದ್ದರು. ನಮ್ಮ ಊರಿನಲ್ಲಿ ಟ್ರ್ಯಾಕ್ಟರ್ ಬಾಡಿಗೆಗೆ ಕೊಡುವವನೂ ಬೀಗದ ಕೈ ತನ್ನ ಮಗನ ಜೇಬಿನಲ್ಲೇ ಇಟ್ಟಿರುತ್ತಾನಲ್ಲ, ಹಾಗೆ. ಇನ್ನು ಮಾರಿದ ಮೇಲೆ ನಿಜವಾದ ವ್ಯಾಪಾರ ಶುರು. ಬೋರ್‌ವೆಲ್ ಮೋಟಾರು ಕೊಂಡವರಿಗೆ ಗೊತ್ತು: ಮೋಟಾರಿನವನು ಮೋಟಾರಿನಲ್ಲಿ ಬದುಕುವುದಿಲ್ಲ, ಬಿಡಿಭಾಗದಲ್ಲಿ ಬದುಕುತ್ತಾನೆ.

ತನುಜಳ ಕೆಲಸವೆಲ್ಲ ಈ ಬಿಡಿಭಾಗದ, ರಿಪೇರಿಯ ಮಾತುಕತೆಯಲ್ಲೇ. ರಷ್ಯಾದವರು ಬಂದರೆ ನಡುವೆ ಕೂರಬೇಕು. ನಮ್ಮವರು ಹೋದರೆ ಜೊತೆಗೆ ಹೋಗಬೇಕು. ಕೆಲಸ ಮಾತ್ರ ಕಾಯಂ ಆಗಿರಲಿಲ್ಲ. ವರ್ಷ ವರ್ಷ ಮುಂದುವರಿಸುತ್ತಿದ್ದರು. ಸಂಕ್ರಾಂತಿ ಕಳೆದರೆ ಅಕ್ಕನಿಗೆ ನಿದ್ದೆ ಇಲ್ಲ, ಈ ಸಲ ಮುಂದುವರಿಸುತ್ತಾರೋ ಇಲ್ಲವೋ ಎಂದು. ಎರಡು ಸಾವಿರದ ಐದರ ಕೊನೆಯಲ್ಲಿ ಕಾಯಂ ಹುದ್ದೆಯೊಂದು ಮಂಜೂರಾಯಿತು. ದೆಹಲಿಯವನೊಬ್ಬನೂ ಅದರ ಮೇಲೆ ಕಣ್ಣಿಟ್ಟಿದ್ದ. ಅದೇ ಚಳಿಗಾಲ ಒಂದು ಹಳೆಯ ಜಲಾಂತರ್ಗಾಮಿಯ ದುರಸ್ತಿಯ ಮಾತುಕತೆಗೆ ತಂಡವೊಂದು ರಷ್ಯಾದ ಉತ್ತರದ ಹಡಗುಕಟ್ಟೆಗೆ ಹೊರಟಿತು. ಮುಖ್ಯಸ್ಥರಾದ ಕ್ಯಾಪ್ಟನ್ ಸಾಹೇಬರು, ಮಹಾರಾಷ್ಟ್ರದ ಕಡೆಯವರು, ಅವಳನ್ನು ಕರೆದು ಒಂದೇ ಮಾತು ಹೇಳಿದರಂತೆ: "ನಾನು ಹೇಳಿದ್ದು ಪೂರ್ತಿ ಹೇಳು. ನಾನು ಹೇಳದ್ದು ಒಂದಕ್ಷರವೂ ಬೇಡ. ಈ ಪ್ರವಾಸ ಚೆನ್ನಾಗಿ ಮುಗಿದರೆ ಹುದ್ದೆಗೆ ನಿನ್ನ ಹೆಸರು ಬರೆಯುತ್ತೇನೆ."

ಆ ಊರು ಯಾವುದು, ಹಡಗು ಯಾವುದು ನನಗೆ ಗೊತ್ತಿಲ್ಲ. ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ಸಮುದ್ರವೇ ಹೆಪ್ಪುಗಟ್ಟಿತ್ತು, ಮಧ್ಯಾಹ್ನ ಊಟ ಮುಗಿಯುವಷ್ಟರಲ್ಲಿ ಕತ್ತಲಾಗುತ್ತಿತ್ತು, ಅಕ್ಕ ಕಟ್ಟಿಕೊಟ್ಟ ಪುಳಿಯೋಗರೆ ಗೊಜ್ಜನ್ನು ಕ್ಯಾಪ್ಟನ್ ಸಾಹೇಬರು ಬ್ರೆಡ್ಡಿಗೆ ಹಚ್ಚಿಕೊಂಡು ಖಾಲಿ ಮಾಡಿದರು, ಇಷ್ಟು ಗೊತ್ತು.

ಎದುರು ಪಕ್ಷದ ಹಿರಿಯ ದಪ್ಪ ಮೀಸೆಯ ಮುದುಕ. ಆರಂಭದಿಂದಲೂ ಮುಖ ಊದಿಸಿಕೊಂಡೇ ಕೂತಿದ್ದ. ಕಾರಣ ಎಲ್ಲರಿಗೂ ಗೊತ್ತಿತ್ತು. ಅದಕ್ಕೆ ಸ್ವಲ್ಪ ಮೊದಲಷ್ಟೇ ನಮ್ಮ ದೇಶ ಹೊಸ ಜಲಾಂತರ್ಗಾಮಿಗಳಿಗೆ ಫ್ರಾನ್ಸಿನವರ ಜೊತೆ ಸಹಿ ಹಾಕಿತ್ತು. ವರ್ಷಗಟ್ಟಲೆ ನಿಮ್ಮಲ್ಲೇ ಕೊಂಡ ಗಿರಾಕಿ ಎದುರು ಅಂಗಡಿಯ ಚೀಲ ಹಿಡಿದು ನಿಮ್ಮ ಮುಂದೆಯೇ ಹಾದುಹೋದರೆ ಹೇಗಿರುತ್ತದೆ? ಅವನು ಜಗಳ ಆಡಲಿಲ್ಲ. ಕೇಳಿದ್ದಕ್ಕೆಲ್ಲ "ಅದಕ್ಕೆ ಬೇರೆ ಒಪ್ಪಂದ ಮಾಡಿಕೊಳ್ಳಿ, ಮುಂದಿನ ವರ್ಷ ನೋಡೋಣ" ಎನ್ನುತ್ತಿದ್ದ. ಮುಚ್ಚಳದ ರಬ್ಬರ್ ಉಂಗುರಕ್ಕೂ ಅದೇ ಉತ್ತರ. ಜಲಾಂತರ್ಗಾಮಿಯ ಬಾಗಿಲಿಗೆ ಕುಕ್ಕರಿನ ಗ್ಯಾಸ್ಕೆಟ್ ಥರದ್ದೊಂದು ಉಂಗುರ ಇರುತ್ತದಂತೆ. ಒಳಗಿನ ಜನಕ್ಕೂ ಸಮುದ್ರಕ್ಕೂ ನಡುವೆ ಇರುವುದು ಅದೊಂದೇ. ನಮ್ಮ ಇಂಜಿನಿಯರು ದಿನಾ ಕೇಳಿದ, ಮುದುಕ ದಿನಾ ಇಲ್ಲವೆಂದು ತಲೆಯಾಡಿಸಿದ.

ಕೊನೆಗೆ ದುರಸ್ತಿಯ ಕಾಗದಕ್ಕೆ ಎರಡೂ ಕಡೆ ಸಹಿ ಬಿತ್ತು. ಎಲ್ಲರೂ ಎದ್ದು ನಿಂತರು. ಕ್ಯಾಪ್ಟನ್ ಸಾಹೇಬರು ಇಂಗ್ಲಿಷಿನಲ್ಲಿ, "ಅವರ ಆತಿಥ್ಯಕ್ಕೆ ನಮ್ಮ ವಂದನೆ ತಿಳಿಸು" ಎಂದರು. ತನುಜ ವಂದನೆ ತಿಳಿಸಿದಳು. ತಿಳಿಸಿ, ಅದೇ ಉಸಿರಿನಲ್ಲಿ, "ಮತ್ತೆ, ಕೊಸರೇನು ಹಾಕ್ತೀರಿ?" ಎಂದು ರಷ್ಯನ್ನಿನಲ್ಲಿ ಕೇಳಿಬಿಟ್ಟಳು.

ಇದು ಅವಳ ತಪ್ಪೋ, ನಮ್ಮ ಅಕ್ಕನ ತಪ್ಪೋ, ಚಿಂತಾಮಣಿ ಸಂತೆಯ ತಪ್ಪೋ ನಾನು ಹೇಳಲಾರೆ. ನಮ್ಮಲ್ಲಿ ತೂಕ ಆಗಿ, ಚೀಲಕ್ಕೆ ಸುರಿದ ಮೇಲೆ ಕೊಳ್ಳುವವನು ಕೈ ಚಾಚುತ್ತಾನೆ, ಮಾರುವವಳು ಒಂದು ಹಿಡಿ ಮೇಲೆ ಹಾಕುತ್ತಾಳೆ. ಕೇಳುವವರೆಗೂ ಹಾಕುವುದಿಲ್ಲ, ಕೇಳಿದರೆ ಹಾಕದೆ ಇರುವುದಿಲ್ಲ. ಕೇಳದೆ ಎದ್ದು ಹೋದವನನ್ನು ಅಕ್ಕ ಅನುಮಾನದಿಂದ ನೋಡುತ್ತಿದ್ದಳು: "ಕೊಸರು ಕೇಳ್ಲಿಲ್ಲ ನೋಡು, ಅವ್ನು ಇನ್ನು ಈ ಕಡೆ ಬರಲ್ಲ." ಸಂತೆಯಲ್ಲಿ ಬೆಳೆದ ನಾಲಿಗೆ ವ್ಯಾಪಾರ ಮುಗಿದ ತಕ್ಷಣ ತನ್ನ ಪಾಡಿಗೆ ತಾನು ಕೇಳಿತು. ಎದುರಿಗಿದ್ದದ್ದು ಮೆಣಸಿನಕಾಯಿಯೋ ಜಲಾಂತರ್ಗಾಮಿಯೋ ಅದಕ್ಕೇನು ಗೊತ್ತು!

ರಷ್ಯಾದವರ ಕಡೆಯ ವಕೀಲನೊಬ್ಬ ಕನ್ನಡಕ ಸರಿಮಾಡಿಕೊಂಡು, "ಇದು ಭಾರತದ ಕಡೆಯ ಅಧಿಕೃತ ಬೇಡಿಕೆಯೇ?" ಎಂದು ಕೇಳಿದ. ನಡಾವಳಿ ಬರೆಯುತ್ತಿದ್ದ ಅವರ ದುಭಾಷಿ ಪೆನ್ನು ಎತ್ತಿ ಹಿಡಿದಳು. ಕ್ಯಾಪ್ಟನ್ ಸಾಹೇಬರು ತನುಜಳ ಕಡೆ ತಿರುಗಿದರು.

"ಏನು ಹೇಳಿದೆ?"

ಅವಳು ಅವರ ಕಿವಿಯ ಹತ್ತಿರ ಬಗ್ಗಿ, ಹೇಳಿದ್ದನ್ನು ಇದ್ದ ಹಾಗೆ ಹೇಳಿದಳು. ತಾನಾಗಿ ಕೇಳಿದೆ ಎಂದೂ ಹೇಳಿದಳು. ಸಾಹೇಬರ ಕಿವಿ ಕೆಂಪಗಾದದ್ದು ಕಂಡಿತಂತೆ. ಅವರಿಗೆ ಇದ್ದ ಪೇಚು ನೋಡಿ: ಈ ಮಾತು ನಮ್ಮದಲ್ಲ ಎಂದರೆ ದುಭಾಷಿ ತನ್ನಿಷ್ಟದ ಹಾಗೆ ಮಾತಾಡುತ್ತಾಳೆ ಎಂದಾಯಿತು. ಹಾಗಾದರೆ ಇಷ್ಟು ದಿನದ ಮಾತೆಲ್ಲ ಎಷ್ಟು ಸಾಹೇಬರದು, ಎಷ್ಟು ಅವಳದು? ಸಹಿಯಾದ ಕಾಗದ ಮತ್ತೆ ಬಿಚ್ಚಿಕೊಳ್ಳುತ್ತಿತ್ತು. ನಮ್ಮದೇ ಎಂದರೆ ಏನು ಬೇಕೆಂದು ಹೇಳಬೇಕು. ಆ ಮನುಷ್ಯ ಮಂಡಿಯಲ್ಲಿ ಹುಟ್ಟಬೇಕಿತ್ತು. ಒಂದು ಕ್ಷಣ ಮೇಜು ನೋಡಿ, "ಹೌದು, ನಮ್ಮ ಬೇಡಿಕೆಯೇ. ಮುಚ್ಚಳದ ಉಂಗುರಗಳು, ಒಂದು ಪೂರ್ತಿ ಸೆಟ್ಟು" ಎಂದರು.

ಆಗ ಮುದುಕ ನಕ್ಕ. ಇವರು ಬಂದಾಗಿನಿಂದ ಮೊದಲ ಸಲ. ಅವರಲ್ಲೂ ಹಿಂದೆ ಬ್ರೆಡ್ಡಿನ ಅಂಗಡಿಯಲ್ಲಿ ತೂಕದ ಮೇಲೆ ಒಂದು ತುಂಡು ಹಾಕುತ್ತಿದ್ದರಂತೆ, ಅವನು ಹುಡುಗನಾಗಿದ್ದಾಗ ಮನೆ ಮುಟ್ಟುವಷ್ಟರಲ್ಲಿ ಆ ತುಂಡು ತಿಂದು ಮುಗಿಸುತ್ತಿದ್ದನಂತೆ. "ಫ್ರಾನ್ಸಿನವರ ಹತ್ತಿರ ಇದನ್ನು ಕೇಳಿದಿರಾ?" ಎಂದ.

ತನುಜ ಅದನ್ನು ಇಂಗ್ಲಿಷಿನಲ್ಲಿ ಹೇಳಿ ಸಾಹೇಬರ ಮುಖ ನೋಡಿದಳು. ಈ ಸಲ ತನ್ನದೇನೂ ಸೇರಿಸಲಿಲ್ಲ.

"ಇಲ್ಲ ಅನ್ನು" ಎಂದರು ಸಾಹೇಬರು. "ಅಷ್ಟು ಪರಿಚಯ ಇಲ್ಲ ಅನ್ನು."

ಉಂಗುರಗಳ ಪೆಟ್ಟಿಗೆ ಅವರ ಜೊತೆಯಲ್ಲೇ ಬಂತು. ವಿಮಾನದಲ್ಲಿ ಇಂಜಿನಿಯರು ಅದನ್ನು ಕಾಲ ಹತ್ತಿರ ಇಟ್ಟುಕೊಂಡು, ಹಸುಗೂಸನ್ನು ನೋಡುವ ಹಾಗೆ ನಡುನಡುವೆ ನೋಡುತ್ತಿದ್ದನಂತೆ. ಸಾಹೇಬರು ಮಾತ್ರ ವಿಶಾಖಪಟ್ಟಣ ಮುಟ್ಟಿದ ಮೇಲೆ, ದುಭಾಷಿ ಮೇಲಿನವರು ಹೇಳದ ಮಾತನ್ನು ಆಡಿದ್ದಾಳೆ ಎಂದು ವರದಿ ಬರೆದರು. ವಿಚಾರಣೆಗೆ ದಿನ ಗೊತ್ತಾಯಿತು. ಕಾಯಂ ಹುದ್ದೆಯ ಮಾತು ಅಲ್ಲಿಗೇ ನಿಂತಿತು.

ವಿಚಾರಣೆಗೆ ಮುಂಚೆ ಕಚೇರಿಯ ಗುಮಾಸ್ತರೊಬ್ಬರು, ಒಳ್ಳೆಯವರೇ, ಅವಳಿಗೆ ದಾರಿ ತೋರಿಸಿದರು. ಬೇರೆ ಏನೋ ಹೇಳಲು ಹೋಗಿ ರಷ್ಯನ್ ಪದ ತಪ್ಪಿತು ಅಂತ ಬರೆದುಕೊಡಮ್ಮ, ಭಾಷೆಯಲ್ಲಿ ಕೈತಪ್ಪು ಎಲ್ಲರಿಗೂ ಆಗುತ್ತದೆ, ಮುಗಿದುಹೋಗುತ್ತದೆ ಎಂದರು.

ಅವತ್ತು ಮಧ್ಯಾಹ್ನ ಮಂಡಿಗೆ ಫೋನು ಮಾಡಿದಳು. ಎಲ್ಲ ಕೇಳಿದೆ. ನನಗೆ ಯೋಚನೆ ಮಾಡಬೇಕಾದದ್ದು ಏನೂ ಕಾಣಲಿಲ್ಲ.

"ಬರ್ಕೊಡಮ್ಮ. ಒಂದು ಮಾತು ತಪ್ತು ಅಂದ್ರೆ ಗಂಟೇನು ಹೋಗತ್ತೆ? ಆ ದೆಹಲಿಯೋನು ಆಗ್ಲೇ ಹಾಸಿಗೆ ಸುತ್ಕೊಂಡು ಹೊರಟಿರ್ತಾನೆ."

"ಪದ ತಪ್ಪಿಲ್ಲ ಮಾವ. ಕೇಳ್ಬೇಕಾದ ಮಾತನ್ನ ಸರಿಯಾಗೇ ಕೇಳ್ದೆ. ಕೇಳೋ ಹಕ್ಕು ನಂದಲ್ಲ, ಅದು ತಪ್ಪು. ಅದನ್ನ ಒಪ್ಕೋತೀನಿ."

"ಎರಡೂ ಒಂದೇ ಕಣೇ, ತಪ್ಪು ತಪ್ಪೇ."

"ಒಂದೇ ಅಲ್ಲ. ನನ್ನ ಹತ್ರ ಇರೋದೇ ಆ ಭಾಷೆ. ನಿನ್ನ ಮಂಡಿ ತಕ್ಕಡಿ ಸುಳ್ಳು ತೂಗತ್ತೆ ಅಂತ ನೀನೇ ಬೋರ್ಡು ಹಾಕ್ಕೋತೀಯಾ?"

ನಾನು ಫೋನು ಕಿವಿಗಿಟ್ಟುಕೊಂಡು ನನ್ನ ತಕ್ಕಡಿಯನ್ನು ನೋಡಿದೆ.

"ಕೆಲಸ ಹೋದ್ರೆ?" ಎಂದೆ.

"ಹೋದ್ರೆ ಬರ್ತೀನಿ. ನಿನ್ ಮಂಡೀಲಿ ಮೂಟೆ ಇದಾವಲ್ಲ, ಕೂತ್ಕೋತೀನಿ" ಎಂದಳು. ನಕ್ಕು ಫೋನಿಟ್ಟಳು.

ಅಕ್ಕನಿಗೆ ನಾನೇ ಹೋಗಿ ಹೇಳಬೇಕಾಯಿತು. ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಕೂತಿದ್ದಳು. ಪೂರ್ತಿ ಕೇಳಿಸಿಕೊಂಡು, "ಆ ರಷ್ಯಾದಯ್ಯ ಕೊಟ್ನಾ, ಇಲ್ವಾ?" ಎಂದಳು.

"ಕೊಟ್ಟ."

"ಮತ್ತೆ ಇವರ್ದೇನು?"

ಸರ್ಕಾರದ ನಿಯಮಗಳನ್ನು ಅಕ್ಕನಿಗೆ ವಿವರಿಸುವ ಶಕ್ತಿ ನನಗೆ ಇರಲಿಲ್ಲ. ಭಾವ ಗಂಗರಾಜು ಅಂದು ಕಾಫಿ ಇಲ್ಲದೆಯೇ ಒಂದು ಮಾತು ಆಡಿದರು: "ಅವ್ಳು ಹೇಳಿದ್ದೇ ಸರಿ."

ವಿಚಾರಣೆಯಲ್ಲಿ ಮೂವರು ಅಧಿಕಾರಿಗಳು. ಪದ ತಪ್ಪಿತೇ ಎಂದು ಕೇಳಿದರು. ಇಲ್ಲ ಎಂದಳು. ಯಾರಾದರೂ ಹೇಳಿಕೊಟ್ಟರೇ ಎಂದರು. ಇಲ್ಲ, ನಮ್ಮೂರಿನ ಅಭ್ಯಾಸ, ನಾನೇ ಕೇಳಿದೆ, ಕೇಳಬಾರದಿತ್ತು ಎಂದಳು. ಹಾಗಾದರೆ ಉಳಿದ ದಿನಗಳಲ್ಲೂ ಅಭ್ಯಾಸದ ಮೇಲೆ ಏನೇನು ಸೇರಿಸಿದ್ದೀಯೋ ನಮಗೆ ಹೇಗೆ ಗೊತ್ತಾಗಬೇಕು ಎಂದು ಒಬ್ಬರು ಕೇಳಿದರು. ನಂಬಿ ಎಂದು ಅವಳು ತಾನೇ ಹೇಗೆ ಹೇಳಿಯಾಳು?

ಉತ್ತರ ಕೊಟ್ಟವರು ಕ್ಯಾಪ್ಟನ್ ಸಾಹೇಬರು. ದೂರು ಬರೆದವರೇ ಅವರು. ರಷ್ಯಾದವರು ತಮ್ಮ ಕಡೆಯ ದುಭಾಷಿಯಿಂದ ಬರೆಸಿಕೊಂಡಿದ್ದ ನಡಾವಳಿಯನ್ನು ತರಿಸಿ, ನಮ್ಮದರ ಪಕ್ಕ ಇಟ್ಟು, ಮಾತಿಗೆ ಮಾತು ಓದಿಸಿ ನೋಡಿದ್ದರು. "ಆ ಒಂದು ಮಾತು ಬಿಟ್ಟರೆ ಎಲ್ಲೂ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ನಾನು ಕೋಪದಲ್ಲಿ ಆಡಿದ ಮಾತನ್ನೂ ಆ ಕೋಪ ಬಿಡದೆ ಹೇಳಿದ್ದಾಳೆ. ಇವಳ ನಡತೆಯ ಮೇಲೆ ನನ್ನ ದೂರು ಇದೆ, ಅದನ್ನು ವಾಪಸ್ಸು ತೆಗೆದುಕೊಳ್ಳುವುದಿಲ್ಲ. ಇವಳ ಭಾಷೆಯ ಮೇಲೆ ಯಾರೂ ದೂರು ಬರೆಯಬಾರದು" ಎಂದರಂತೆ.

ಖಾರ ಕಮ್ಮಿ ಮಾಡುವುದನ್ನು ಹುಡುಗಿ ಯಾವಾಗ ಬಿಟ್ಟಳೋ ನನಗೆ ಗೊತ್ತಾಗಿರಲಿಲ್ಲ. ಸುಲಭವಾಗಿ ಬಿಟ್ಟಿರಲಾರಳು.

ತೀರ್ಪು ಬಂತು. ಲಿಖಿತ ಎಚ್ಚರಿಕೆ. ಒಂದು ವರ್ಷ ಮಾತುಕತೆಯ ಮೇಜಿನ ಹತ್ತಿರ ಸುಳಿಯಬಾರದು, ಕೋಣೆಯಲ್ಲಿ ಕೂತು ಯಂತ್ರಗಳ ಕೈಪಿಡಿಗಳನ್ನು ಇಂಗ್ಲಿಷಿಗೆ ತರಬೇಕು. ಕಾಯಂ ಹುದ್ದೆಯ ಆದೇಶವೂ ಬಂತು. ದೆಹಲಿಯವನು ಆ ಹುದ್ದೆಗೆಂದು ಇಟ್ಟಿದ್ದ ರಷ್ಯನ್ ಪರೀಕ್ಷೆಯಲ್ಲಿ ಇವಳಿಗಿಂತ ಬಹಳ ಹಿಂದೆ ಬಿದ್ದಿದ್ದ. ಸುದ್ದಿ ಕೇಳಿ ಅಕ್ಕ, "ಬೈದೂ ಬೈದ್ರು, ಕೆಲಸಾನೂ ಕೊಟ್ರು. ನಮ್ಮತ್ತೆ ಥರದೋರು" ಎಂದಳು. ಗಂಗುಲಪ್ಪ ಒಂದು ವಾರ ನನ್ನ ಮಂಡಿಯ ಕಡೆ ತಲೆಹಾಕಲಿಲ್ಲ. ನಾನೇ ಮೈಸೂರುಪಾಕು ತೆಗೆದುಕೊಂಡು ಅವನ ಮಂಡಿಗೆ ಹೋದೆ. ಇಂಥ ಸಿಹಿಯನ್ನು ನಾವೇ ಕೈಯಾರೆ ಮುಟ್ಟಿಸಬೇಕು.

ಆ ವರ್ಷ ಅವಳು ಕೈಪಿಡಿಗಳಲ್ಲೇ ಮುಳುಗಿದ್ದಳು. ಪಂಪು, ಬ್ಯಾಟರಿ, ಗಾಳಿ ಶುದ್ಧಿ ಮಾಡುವ ಯಂತ್ರ. ಅಷ್ಟರಲ್ಲಿ ನಾವು ಕೋಲಾರ ಜಿಲ್ಲೆ ಬಿಟ್ಟು ಚಿಕ್ಕಬಳ್ಳಾಪುರ ಜಿಲ್ಲೆಯವರಾದೆವು. ಅವಳು ಮತ್ತೆ ಮೇಜಿನ ಹತ್ತಿರ ಕೂತಳು.

ಅದಾದ ಮೇಲೆ ಅಕ್ಕನನ್ನು ಕರೆದುಕೊಂಡು ನಾನು ವಿಶಾಖಪಟ್ಟಣಕ್ಕೆ ಹೋದೆ. ಜಲಾಂತರ್ಗಾಮಿ ನೋಡಿಯೇ ಬರುತ್ತೇನೆಂದು ಬೀದಿಗೆಲ್ಲ ಹೇಳಿ ಹೊರಟಿದ್ದೆ. ದೂರದಿಂದ ಕರ್ರಗೆ ಒಂದು ಬೆನ್ನು ಕಂಡಿತು, ಕೆರೆಯಲ್ಲಿ ಎಮ್ಮೆ ಮಲಗಿದ ಹಾಗೆ. ಅಷ್ಟಕ್ಕೇ ಕಾವಲಿನವನು ಮುಂದೆ ಹೋಗಬೇಡಿ ಎಂದ. ತನುಜ ಮೇಡಮ್ಮಿನ ಮನೆಯವರು ಎಂದೆ. ಒಳಗೆ ಬಿಡಲಿಲ್ಲ, ಎರಡು ಕುರ್ಚಿ ತಂದು ನೆರಳಿನಲ್ಲಿ ಹಾಕಿದ. ನನಗೆ ಅಷ್ಟು ಸಾಕಾಗಿತ್ತು. ಅಕ್ಕ ಸೀರೆಯ ಸೆರಗು ಸರಿಮಾಡಿಕೊಂಡು ಮದುವೆ ಮನೆಯ ಬೀಗಿತ್ತಿಯ ಹಾಗೆ ಕೂತಳು.

ಸಂಜೆಯಾಗುತ್ತಿರುವಾಗ ತನುಜ ಇಬ್ಬರು ರಷ್ಯಾದವರ ಜೊತೆ ಹೊರಗೆ ಬಂದಳು. ಅವರಿಗೆ ಏನೋ ಹೇಳಿ ಅಮ್ಮನ ಕಡೆ ಕೈ ತೋರಿಸಿದಳು. ಅವರಲ್ಲಿ ಹಿರಿಯವನು ಟೋಪಿ ತೆಗೆದು, ಅಕ್ಕನ ಮುಂದೆ ಬಗ್ಗಿ, ನಿಧಾನವಾಗಿ ಒಂದಿಷ್ಟು ಮಾತಾಡಿದ.

"ಏನಂತಾನೆ?" ಎಂದಳು ಅಕ್ಕ.

"ನಿಮ್ಮ ಮಗಳ ಬಾಯಿಂದ ಬಂದ್ರೆ ಅದು ನಿಮ್ಮ ದೇಶದ ಮಾತು ಅಂತ ನಾವು ನಂಬ್ತೀವಿ ಅಂತಾರೆ ಅಮ್ಮ."

ಅಕ್ಕ ಅವನನ್ನೊಮ್ಮೆ, ಮಗಳನ್ನೊಮ್ಮೆ ನೋಡಿದಳು.

"ಅವ್ನು ಅಂದಿದ್ದು ಅಷ್ಟೇನಾ, ನೀನೇನಾದ್ರೂ ಸೇರ್ಸಿದ್ಯಾ?"

"ಅಷ್ಟೇ ಅಮ್ಮ" ಎಂದಳು ತನುಜ. ಅಕ್ಕ ಎದ್ದು ನಿಂತು ಅವನಿಗೆ ಕೈ ಮುಗಿದಳು.